ಹಂಪ್‌ಗೆ ಮೊದಲೊಂದು ನಮಸ್ಕಾರ

"ಇದು ಸ್ಪ್ರಿಂಗ್ ಅಲ್ಲ ಕಣ್ರೀ, ಹಾರೆ. ಇದರ ಮೇಲೆ ಕೂರೋ ಬದಲು ಮೆಟ್ಟಿಲ ಮೇಲೆ ಕುಂಡಿ ಊರಿ ಜಾರಿಕೊಂಡು ಇಳಿದ್ರೆ ಹೆಚ್ಚು ಸುಖ," ಎಂದು ಅವಳು ಮೀಟಿಂಗಿನಲ್ಲಿ ಹೇಳಿದ್ದೇ ತಡ, ಆ ಎಂಜಿನಿಯರಿಗೆ ಹಾರೆ ಎಂಬ ಹೆಸರು ಅಂಟಿಕೊಂಡಿತು.

ಅವನೇನು ಬಾಯಿಗೆ ಬೀಗ ಹಾಕಿಕೊಂಡು ಕೂರುವ ಪೈಕಿಯಲ್ಲ. "ನಿಮಗೆ ಕಾರು ಬೇಡ ಬಿಡಿ, ದಿಂಬು ಬೇಕು. ನಾಲ್ಕು ಚಕ್ರ ನಾನು ಕೊಡ್ತೀನಿ, ಕಟ್ಕೊಂಡು ಹೋಗಿ," ಎಂದ. ಸಂಜೆಯ ಟೀ ಹೊತ್ತಿಗೆ ಅವಳು ದಿಂಬು ಆಗಿದ್ದಳು. ಹೆತ್ತವರು ಯೋಚಿಸಿ ಇಟ್ಟ ಹೆಸರುಗಳು ಇಬ್ಬರ ಗುರುತಿನ ಚೀಟಿಗಳಲ್ಲಷ್ಟೇ ಉಳಿದವು.

ಅಲ್ಲಿಂದ ಮುಂದೆ ಅವರಿಬ್ಬರದು ಎಣ್ಣೆ ಸೀಗೆಕಾಯಿ. ಕಾರಿಡಾರಿನಲ್ಲಿ ಎದುರಾದರೆ ಅವಳು ನೋಟಿಸ್ ಬೋರ್ಡು ಓದುವಳು, ಅವನು ಮೊಬೈಲು ನೋಡುವನು. ಬೋರ್ಡಿನಲ್ಲಿ ಹೊಸದೇನೂ ಇರುತ್ತಿರಲಿಲ್ಲ. ಮೊಬೈಲಿನಲ್ಲೂ ಏನೂ ಇರುತ್ತಿರಲಿಲ್ಲ ಎಂದು ಅವಳಿಗೆ ಖಾತ್ರಿಯಿತ್ತು.

ಜಗಳಕ್ಕೆ ಕಾರಣ ಚಿಕ್ಕದಲ್ಲ. ಅವರ ಕಂಪನಿ ಎಲೆಕ್ಟ್ರಿಕ್ ಕಾರು ಮಾಡುತ್ತದೆ. ಅಂಥ ಕಾರಿನ ನೆಲದಡಿ ಬ್ಯಾಟರಿ ಹಾಸಿರುತ್ತಾರೆ. ಒಂದು ಸಂಸಾರವನ್ನು ಮಂಚ ಬೀರು ಸಮೇತ ಹೊಟ್ಟೆಗೆ ಕಟ್ಟಿಕೊಂಡು ಓಡಿದಷ್ಟು ಭಾರ. ಸ್ಪ್ರಿಂಗ್ ಮೆತ್ತಗಾದರೆ ತಿರುವಿನಲ್ಲಿ ಕಾರು ಓಲಾಡುತ್ತದೆ, ಹಂಪಿನಲ್ಲಿ ಬ್ಯಾಟರಿಯ ತಳ ಉಜ್ಜುತ್ತದೆ. ಗಟ್ಟಿಯಾದರೆ ರಸ್ತೆಯ ಒಂದೊಂದು ಕಲ್ಲೂ ಕೂತವರ ಬೆನ್ನಿಗೆ ಬಂದು ಬಾಗಿಲು ತಟ್ಟುತ್ತದೆ. ಹಳೇ ಕಾರುಗಳಲ್ಲಾದರೆ ಎಂಜಿನ್ನಿನ ಗದ್ದಲದಲ್ಲಿ ಅರ್ಧ ಕುಲುಕಾಟ ಮುಚ್ಚಿಹೋಗುತ್ತಿತ್ತು. ಇಲ್ಲಿ ಸದ್ದಿಲ್ಲದ ಕಾರಣ ಎಲ್ಲವೂ ಬಯಲು.

ಸ್ಪ್ರಿಂಗ್ ಎಷ್ಟು ಗಟ್ಟಿ ಇರಬೇಕೆಂದು ಹೇಳುವವನು ಹಾರೆ. ಅದು ಬೆನ್ನಿಗೆ ಹಿಡಿಸಿತೋ ಇಲ್ಲವೋ ಎಂದು ಹೇಳುವವಳು ದಿಂಬು. ಅವಳ ಕೆಲಸದ ಜಾಗ ಹಿಂದಿನ ಸೀಟು, ಅವಳ ಸಲಕರಣೆ ಅವಳ ಮೈ. ಕೂರುವ ಮುಂಚೆ ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿಕೊಳ್ಳಬೇಕು. ಹಂಪ್ ಬರುವುದು ಕಂಡರೆ ಮೈ ಮೊದಲೇ ಬಿಗಿಯಾಗುತ್ತದೆ, ಬಿಗಿಯಾದ ಮೈ ಸುಳ್ಳು ಹೇಳುತ್ತದೆ. ಟ್ರ್ಯಾಕ್ ಸುತ್ತಿ ಬಂದು, ಪಟ್ಟಿ ಬಿಚ್ಚಿ, ಹತ್ತಕ್ಕೆ ಇಷ್ಟು ಎಂದು ಅಂಕ ಹೇಳಬೇಕು. ಅಂಕ ಹೇಳಿದ ಮೇಲೆ ಮುಗಿಯಿತು. ಅವಳ ಮಾತನ್ನು ಇಡೀ ವಿಭಾಗ ನಂಬುತ್ತಿತ್ತು. ಅವಳಿಗಿದ್ದ ಆಸ್ತಿ ಅದೊಂದೇ.

ಹಾರೆಯ ಮೊದಲ ಸ್ಪ್ರಿಂಗಿಗೆ ಅವಳು ಕೊಟ್ಟದ್ದು ನಾಲ್ಕು. "ಹೊಟ್ಟೆಕಿಚ್ಚಿಗೆ ಕೊಟ್ಟ ಅಂಕ," ಎಂದು ಅವನು ಕಂಡಕಂಡವರ ಹತ್ತಿರ ಹೇಳಿಕೊಂಡು ತಿರುಗಿದ.

* * *

ಹೊಸ ಸ್ಪ್ರಿಂಗ್ ಹಾಕಿದ ದಿನ ಕಾರಿನ ಪಕ್ಕ ನಿಂತು ಅವಳು ಕಪ್ಪು ಪಟ್ಟಿಯನ್ನು ಕೊಡವಿದಳು. ಅದು ಅವಳ ಅಕ್ಕ ಹೊಲಿದುಕೊಟ್ಟದ್ದು.

"ಮೆತ್ತಗೆ ಮಾಡಿದ್ದೀರಾ?"

"ಕೂದಲೆಳೆಯಷ್ಟು."

"ಕೂದಲೆಳೆ ಯಾವ ಸೀಮೆ ಲೆಕ್ಕಾರೀ? ಅಳತೆ ಹೇಳಿ."

"ನಿಮಗೆ ಅಳತೆ ಯಾಕೆ? ನಿಮ್ಮ ಬೆನ್ನಿಗೆ ಎಲ್ಲಾ ಗೊತ್ತಾಗುತ್ತಲ್ಲ."

"ನನ್ನ ಬೆನ್ನಿನ ವಿಚಾರ ನಿಮಗೆ ಬೇಡ. ಗಾಡಿ ನಲವತ್ತರಲ್ಲಿ ಓಡಿಸಿ, ನೆಟ್ಟಗೆ ಓಡಿಸಿ, ಬಾಯಿ ಮುಚ್ಕೊಂಡು ಓಡಿಸಿ."

ಆ ಮಾದರಿ ಕಾರಿಗೆ ವೇಗವನ್ನು ತಾನೇ ಹಿಡಿದಿಡುವ ಸಾಧನ ಇನ್ನೂ ಕೂರಿಸಿರಲಿಲ್ಲ. ನಲವತ್ತನ್ನು ಓಡಿಸುವವನ ಕಾಲೇ ಕಾಯಬೇಕು. ಅವನ ಕಾಲಿನ ಬಗ್ಗೆ ಮಾತ್ರ ಅವಳಿಗೂ ತಕರಾರಿರಲಿಲ್ಲ. ಟ್ರ್ಯಾಕಿನಲ್ಲಿ ಅವನಷ್ಟು ಸಮನಾಗಿ ಓಡಿಸುವವರು ಇನ್ನೊಬ್ಬರಿಲ್ಲ ಎಂದು ಎಲ್ಲರೂ ಒಪ್ಪುತ್ತಿದ್ದರು.

ಕೂತಳು, ಪಟ್ಟಿ ಕಟ್ಟಿಕೊಂಡಳು. ಕತ್ತಲಾಯಿತು.

ಈ ಕತ್ತಲೆಯ ಬಗ್ಗೆ ಅವಳು ಯಾರಿಗೂ ಹೇಳದ ಮಾತೊಂದಿತ್ತು. ಕಣ್ಣು ಕಟ್ಟಿದ ಮೇಲೆ ಶತ್ರು ತುಂಬ ಹತ್ತಿರ ಬಂದುಬಿಡುತ್ತಾನೆ. ಅವನು ತೋಳು ಮಡಚುವ ಸರಸರ, ಬೆಲ್ಟು ಎಳೆಯುವ ಸದ್ದು, ಹೊರಡುವ ಮುನ್ನ ಗಂಟಲು ಸರಿಮಾಡಿಕೊಳ್ಳುವ ಸಣ್ಣ ಕೆಮ್ಮು. ಆಮೇಲೆ, "ರೆಡಿನಾ?"

ಆ ಒಂದು ಮಾತನ್ನು ಅವನು ಜಗಳದ ಗಂಟಲಿನಲ್ಲಿ ಕೇಳುತ್ತಿರಲಿಲ್ಲ. ಮನೆಯಲ್ಲಿ ಮಲಗಿದವರನ್ನು ಎಬ್ಬಿಸುವಾಗಿನ ದನಿ ಅದು. ಪ್ರತಿ ಸಲವೂ ಅವಳಿಗೆ ಅದಕ್ಕಾಗಿ ಕಾಯುವಂತಾಗುತ್ತಿತ್ತು. ಕಾದದ್ದಕ್ಕೆ ತನ್ನ ಮೇಲೆ ಮೈ ಉರಿಯುತ್ತಿತ್ತು.

"ಇನ್ನೂ ಎಷ್ಟು ಹೊತ್ತು?" ಎಂದಳು, ಬೇಕಂತಲೇ ಒರಟಾಗಿ.

ಕಾರು ಹೊರಟಿತು. ಮೊದಲ ಹಂಪಿಗೆ ಅವಳು ಹಲ್ಲು ಕಚ್ಚಿ ಕೂತಳು. ಹೊಡೆತ ಬರಲಿಲ್ಲ. ಹಂಪಿಗೆ ಸ್ವಲ್ಪ ಮೊದಲು ಕಾರು ಮೂತಿಯನ್ನು ಒಂದಿಷ್ಟೇ ಇಳಿಸಿತು, ಆಮೇಲೆ ಹತ್ತಿ, ಆಮೇಲೆ ಇಳಿಯಿತು. ಮುಂದಿನದಕ್ಕೂ ಹಾಗೇ, ಅದರ ಮುಂದಿನದಕ್ಕೂ ಹಾಗೇ. ದೊಡ್ಡವರ ಮನೆಯ ಹೊಸ್ತಿಲು ದಾಟುವಾಗ ಮರ್ಯಾದಸ್ಥರು ತಲೆ ತಗ್ಗಿಸಿದಂತೆ.

ಸುತ್ತು ಮುಗಿದ ಮೇಲೆ ಅವಳು ಪಟ್ಟಿ ಬಿಚ್ಚಿದಳು. ಹಿಂದಿನ ಕಾರಿನಲ್ಲಿ ಬಂದ ಮೇಡಂ, ಎಂದರೆ ವಿಭಾಗದ ಮುಖ್ಯಸ್ಥೆ, ಕಿಟಕಿಗೆ ಬಗ್ಗಿ "ಎಷ್ಟು?" ಎಂದು ಕೇಳಿದರು.

"ಏಳು," ಎಂದಳು. ಆ ಪದ ಬಾಯಿಂದ ಬರಲು ಒದ್ದಾಡಿತು.

ಹಾರೆ ಕನ್ನಡಿಯಲ್ಲಿ ನೋಡಿದ. ಮೀಸೆಯಡಿ ನಗು ಮುಚ್ಚಿಡಲು ಅವನು ಪಟ್ಟ ಪಾಡು ನಗುವುದಕ್ಕಿಂತ ಕೆಟ್ಟದಾಗಿ ಕಂಡಿತು. "ಹೊಟ್ಟೆಕಿಚ್ಚು ಇಳೀತಾ?"

"ಕೊಬ್ಬು ನಿಮಗೆ. ನಿಮ್ಮ ಮುಖಕ್ಕೆ ಕೊಟ್ಟಿದ್ದಲ್ಲ, ಕಾರಿಗೆ ಕೊಟ್ಟಿದ್ದು. ಹಂಪ್ ಬರೋಕ್ಕೆ ಮುಂಚೆ ಈ ಕಾರು ಒಂದು ನಮಸ್ಕಾರ ಮಾಡುತ್ತೆ. ಮಾಡಿದವರಿಗೆ ಇಲ್ಲದ ಸಂಸ್ಕಾರ ಕಾರಿಗಾದ್ರೂ ಇದೆ."

"ನಮಸ್ಕಾರವಾ?" ಅವನ ಹುಬ್ಬು ಗಂಟಾಯಿತು. "ನನ್ನ ಸ್ಪ್ರಿಂಗ್ ಯಾರಿಗೂ ನಮಸ್ಕಾರ ಮಾಡಲ್ಲ."

"ಮಾಡುತ್ತೆ. ಬೆನ್ನಿಗೆ ಗೊತ್ತಾಗುತ್ತೆ."

ಮೇಡಂಗೆ ಈ ರಗಳೆ ಬೇಕಿರಲಿಲ್ಲ. ನಾಳಿದ್ದಿನ ಮೀಟಿಂಗಿನಲ್ಲಿ ಈ ಸ್ಪ್ರಿಂಗನ್ನೇ ಅಂತಿಮ ಮಾಡೋಣ ಎಂದರು. ಹೊರಟವರು ತಿರುಗಿ ನಿಂತು, "ಅಂದ ಹಾಗೆ, ಈ ಕಾರಿನ ಬ್ರೇಕ್ ಲೈಟು ನೋಡ್ಸಿ. ಹಂಪ್ ಹಂಪಿಗೂ ಸುಮ್ಮನೆ ಹೊತ್ಕೊಳ್ಳುತ್ತೆ," ಎಂದರು.

"ನಾನು ಬ್ರೇಕ್ ಮುಟ್ಟೇ ಇಲ್ಲ ಮೇಡಂ," ಎಂದ ಹಾರೆ.

"ಅದಕ್ಕೇ ಹೇಳಿದ್ದು, ಕೆಟ್ಟಿದೆ ಅಂತ."

ಎಲೆಕ್ಟ್ರಿಷಿಯನ್ ಬಂದು ವೈರು ಬಿಚ್ಚಿ ನೋಡಿದ, ಸ್ವಿಚ್ ಬದಲಿಸಿ ನೋಡಿದ. ಏನೂ ಕೆಟ್ಟಿರಲಿಲ್ಲ.

* * *

ಮರುದಿನ ಇನ್ನೊಂದು ಬದಿಯ ಸೀಟಿನಲ್ಲಿ ಒಮ್ಮೆ ಕೂತು ನೋಡಬೇಕಿತ್ತು. ಹಾರೆ ಬ್ಯಾಟರಿ ವಿಭಾಗಕ್ಕೆ ಹೋಗಿದ್ದ. ಟೈರಿನ ಉಸ್ತುವಾರಿಯ ಹಿರಿಯರು, ಎಲ್ಲರೂ ಚಿಕ್ಕಪ್ಪ ಎಂದು ಕರೆಯುವವರು, "ನಾನೇ ಓಡಿಸ್ತೀನಿ ಬಾ ಮಗಳೇ," ಎಂದು ಸ್ಟೀರಿಂಗ್ ಹಿಡಿದರು.

ಮೊದಲ ಹಂಪಿಗೇ ಅವಳ ನಾಲಿಗೆ ಹಲ್ಲಿಗೆ ಸಿಕ್ಕಿತು. ಎರಡನೆಯದಕ್ಕೆ ಸೊಂಟದಿಂದ ನೆತ್ತಿಯವರೆಗೆ ಒಂದು ಮೊಳೆ ಹೊಡೆದ ಹಾಗಾಯಿತು. ಅವಳು ಪಟ್ಟಿ ಕಿತ್ತು ಕೂಗಿದಳು: "ಚಿಕ್ಕಪ್ಪಾ! ಎಷ್ಟರಲ್ಲಿ ಓಡಿಸ್ತಿದ್ದೀರಿ?"

"ನಲವತ್ತು. ನೋಡ್ಕೋ."

ನಲವತ್ತೇ ಇತ್ತು.

"ಟೈರಿಗೆ ಗಾಳಿ ಜಾಸ್ತಿ ಹಾಕಿದ್ದೀರಿ ಹಾಗಾದ್ರೆ."

ಚಿಕ್ಕಪ್ಪ ಕಾರು ನಿಲ್ಲಿಸಿಯೇ ಬಿಟ್ಟರು. "ನೋಡು ಮಗಳೇ, ನನ್ನನ್ನ ಬೇಕಾದ್ರೆ ಬೈ. ನನ್ನ ಗಾಳಿನ ಬೈಬೇಡ. ಬೆಳಿಗ್ಗೆ ಟೈರು ತಣ್ಣಗಿದ್ದಾಗ ನಾನೇ ಹಿಡಿದಿದ್ದು."

ಅದೇ ಕಾರು, ಅದೇ ಸ್ಪ್ರಿಂಗ್, ಅದೇ ಗಾಳಿ. ನಿನ್ನೆ ಏಳು, ಇವತ್ತು ಕಣ್ಣು ಮುಚ್ಚಿ ಕೊಟ್ಟರೂ ನಾಲ್ಕರ ಮೇಲೆ ಬಾರದು. ಮೈಯೇ ಸುಳ್ಳು ಹೇಳತೊಡಗಿತೇ? ಹಾಗಾದರೆ ಅವಳ ಹತ್ತಿರ ಉಳಿದದ್ದೇನು?

ಮಧ್ಯಾಹ್ನ ಅವಳು ಟ್ರ್ಯಾಕಿನ ಬೇಲಿಗೆ ಒರಗಿ ನಿಂತಿದ್ದಳು. ಹಾರೆ ಅದೇ ಕಾರಿನ ಹಿಂದಿನ ಸೀಟಿಗೆ ಒಬ್ಬರ ತೂಕದ ಮರಳು ಚೀಲ ಬಿಗಿದು ಸುತ್ತು ಹೊಡೆಯುತ್ತಿದ್ದ. ಅವಳ ಎದುರೇ ಹಂಪ್ ಹತ್ತಿದ. ಚೀಲ ಚಂಗನೆ ನೆಗೆದು ಬಿತ್ತು. ಕಾರು ಮೂತಿ ಇಳಿಸಲಿಲ್ಲ. ಹಿಂದಿನ ದೀಪ ಹೊತ್ತಿಕೊಳ್ಳಲಿಲ್ಲ.

ಇನ್ನೊಂದು ಸುತ್ತು. ದೀಪ ಹೊತ್ತಿಕೊಳ್ಳಲಿಲ್ಲ.

ಅವಳು ಬೇಲಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಎಲೆಕ್ಟ್ರಿಕ್ ಕಾರಿನಲ್ಲಿ ನಿಧಾನವಾಗಲು ಬ್ರೇಕ್ ತುಳಿಯಲೇಬೇಕೆಂದಿಲ್ಲ. ಆಕ್ಸಿಲರೇಟರಿನ ಮೇಲಿಂದ ಕಾಲು ಸಡಿಲಿಸಿದರೆ ಸಾಕು, ಮೋಟರೇ ಕಾರನ್ನು ಹಿಡಿದೆಳೆಯುತ್ತದೆ. ಮೂತಿ ಇಳಿಯುತ್ತದೆ, ಹಿಂದಿನ ಕೆಂಪು ದೀಪ ತಾನಾಗಿ ಹೊತ್ತಿಕೊಳ್ಳುತ್ತದೆ. ನಿನ್ನೆ ದೀಪ ಕೆಟ್ಟಿರಲಿಲ್ಲ. ಕಾರು ನಮಸ್ಕಾರ ಮಾಡಿರಲಿಲ್ಲ. ಅವಳು ಕೂತಿದ್ದಾಗ, ಹಂಪ್ ಹಂಪಿಗೂ, ಈ ಮನುಷ್ಯ ಕಾಲು ಎತ್ತಿದ್ದ.

"ಮೋಸಗಾರ," ಎಂದಳು ಗಟ್ಟಿಯಾಗಿಯೇ.

* * *

ಅವನು ಕಾರು ನಿಲ್ಲಿಸುವಷ್ಟರಲ್ಲಿ ಅವಳು ಬಾಗಿಲು ತೆಗೆದಿದ್ದಳು.

"ಚೀಲ ಇಳಿಸಿ. ನಾನು ಕೂರ್ತೀನಿ."

"ಈಗ? ನಿಮ್ಮ ಸುತ್ತು ಮುಗೀತಲ್ಲ."

"ಇಳಿಸ್ತೀರೋ, ನಾನೇ ಎಳೆದು ಹಾಕ್ಲೋ?"

ಇಳಿಸಿದ. ಅವಳು ಕೂತಳು. ಪಟ್ಟಿ ಕಟ್ಟಿಕೊಳ್ಳಲಿಲ್ಲ. ಅವನು ಕನ್ನಡಿಯಲ್ಲಿ ಅವಳ ಬಿಚ್ಚುಗಣ್ಣು ನೋಡಿ ತಟ್ಟನೆ ದೃಷ್ಟಿ ರಸ್ತೆಗೆ ತಿರುಗಿಸಿದ. ಆ ತಿರುಗಿಸಿದ ಅವಸರ ಅವಳಿಗೆ ಕಾಣದೆ ಹೋಗಲಿಲ್ಲ.

"ರೆಡಿನಾ?"

"ಆ ದನಿ ಬೇಡ. ಓಡಿಸಿ. ನಲವತ್ತು."

ಅವಳು ಮುಂದಿನ ಎರಡು ಸೀಟುಗಳ ನಡುವೆ ತಲೆ ಚಾಚಿ ವೇಗದ ಅಂಕಿಯನ್ನೇ ನೋಡುತ್ತಿದ್ದಳು. ಅವನ ಕಿವಿ ಅವಳ ಕೆನ್ನೆಯಿಂದ ಗೇಣು ದೂರದಲ್ಲಿತ್ತು. ಸೋಪಿನ ವಾಸನೆ. ಅದನ್ನು ಗಮನಿಸಿದ್ದಕ್ಕೆ ಅವಳು ತನ್ನನ್ನೇ ಬೈದುಕೊಂಡಳು.

ಹಂಪ್ ಹತ್ತಿರ ಬಂತು. ನಲವತ್ತು. ಮೂವತ್ತಾರು. ಮೂವತ್ತು.

"ನೋಡ್ರಿ! ನೋಡ್ರಿ ಅಲ್ಲಿ!"

"ಏನು ನೋಡ್ಲಿ..." ಎಂದವನು ಅಂಕಿ ನೋಡಿದ. ಕಾರು ಮೆತ್ತಗೆ ಹತ್ತಿ ಮೆತ್ತಗೆ ಇಳಿಯಿತು. ಮುಂದಿನ ಹಂಪಿಗೆ ಅವನು ಹಟ ಹಿಡಿದು ಕೂತದ್ದು ಅವನ ಕತ್ತಿನ ನರದಲ್ಲಿ ಕಾಣುತ್ತಿತ್ತು. ಆದರೂ ಕೊನೆಯ ಗಳಿಗೆಯಲ್ಲಿ ಅಂಕಿ ಕುಸಿಯಿತು.

ಅವನು ಟ್ರ್ಯಾಕಿನ ನಡುವೆಯೇ ಕಾರು ನಿಲ್ಲಿಸಿದ. ಕೈ ಸ್ಟೀರಿಂಗಿನ ಮೇಲೇ ಇತ್ತು. ಕಿವಿ ಕೆಂಪಾಗಿತ್ತು.

"ಏಳು ಬೇಕಿತ್ತು, ಅಲ್ವಾ?" ಎಂದಳು. ದನಿ ನಡುಗಿತು, ಕೋಪಕ್ಕೆ ಎಂದೇ ಅವಳು ತಿಳಿದಳು. "ನಿಮ್ಮ ಹಾರೆ ಪಾಸಾಗ್ಲಿ ಅಂತ ನನ್ನ ಕಣ್ಣಿಗೆ ಪಟ್ಟಿ ಕಟ್ಟಿ ಕಾಲು ಎತ್ತಿದ್ರಿ. ನಾಳೆ ಇದೇ ಸ್ಪ್ರಿಂಗ್ ಹಾಕ್ಕೊಂಡು ಸಾವಿರಾರು ಕಾರು ಹೊರಗೆ ಹೋಗುತ್ತೆ. ಹಿಂದೆ ಕೂತ ಒಬ್ಬೊಬ್ರೂ ಶಾಪ ಹಾಕ್ತಾರೆ, ಯಾವಳು ಇದಕ್ಕೆ ಏಳು ಕೊಟ್ಟಿದ್ದು ಅಂತ. ನನ್ನ ಹತ್ರ ಇದ್ದಿದ್ದೇ ಒಂದು ಮಾತು. ಅದನ್ನೂ ತಿಂದುಹಾಕಿದ್ರಲ್ಲ!"

"ನಾನು ಬೇಕು ಅಂತ..."

"ಬೇಡ ಅಂತ ಮಾಡಿದ್ರಾ?"

ಸ್ಪ್ರಿಂಗಿನ ಬಗ್ಗೆ ಮಾತು ಬಂದರೆ ಗಂಟೆಗಟ್ಟಲೆ ವಾದಿಸುವವನು, ಬೆಲ್ಟು ಬಿಚ್ಚಿ, ಬಾಗಿಲು ತೆಗೆದು, ಕಾರನ್ನೂ ಅವಳನ್ನೂ ಅಲ್ಲೇ ಬಿಟ್ಟು ಶೆಡ್ಡಿನ ಕಡೆ ನಡೆದುಹೋದ. ಅವಳು ಹಿಂದಿನಿಂದ ಕೂಗಿದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ.

* * *

"ಅನ್ನ ಹಾಕ್ಲೋ, ಇನ್ನೂ ಬೈಯೋದು ಬಾಕಿ ಇದೆಯೋ?" ಎಂದಳು ಅಕ್ಕ.

ಅಕ್ಕ ದರ್ಜಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ತಂಗಿ ಬಂದಾಗಿನಿಂದ ಹೊಲಿಗೆ ಯಂತ್ರದ ಪಕ್ಕದ ಸ್ಟೂಲಿನಲ್ಲಿ ಕೂತು ಬೈಯುತ್ತಲೇ ಇದ್ದಳು. ಅಕ್ಕ ಅಂಗಿಯೊಂದರ ಕಾಲರ್ ಹೊಲಿಯುತ್ತ ಕೇಳುತ್ತಿದ್ದಳು.

"ಅವನ ಕಾಲು ಮುರೀಬೇಕು ಅಕ್ಕ."

"ಮುರಿಯೋಣ. ಮೊದಲು ಒಂದು ಹೇಳು. ಅವನು ಕಾಲು ಎತ್ತಿದ್ದು ಅಂಕ ಕೊಡೋ ಸುತ್ತಿನಲ್ಲಿ ಮಾತ್ರಾನಾ?"

"ಅಂದ್ರೆ?"

"ಇವತ್ತು ಮಧ್ಯಾಹ್ನ ನೀನು ಕಣ್ಣು ಬಿಟ್ಕೊಂಡು, ಅವನ ತಲೆ ಮೇಲೇ ಕೂತಿದ್ದೆ. ಮೋಸ ಮಾಡೋನು ಆಗಲಾದ್ರೂ ನೆಟ್ಟಗೆ ಓಡಿಸಬೇಕಿತ್ತಲ್ಲ. ಸಿಕ್ಕಿಹಾಕಿಕೊಳ್ಳೋಕೆ ಯಾವ ಕಳ್ಳನಾದ್ರೂ ಅಷ್ಟು ಕಷ್ಟಪಡ್ತಾನಾ?"

ಯಂತ್ರ ಕಾಲರಿನ ತಿರುವಿಗೆ ಬಂದು ತಾನಾಗಿ ನಿಧಾನವಾಯಿತು, ತಿರುವು ದಾಟಿ ಮತ್ತೆ ಓಡಿತು.

"ನೋಡಿದೆಯಾ?" ಎಂದಳು ಅಕ್ಕ. "ನಾನು ನಿನ್ನ ಜೊತೆ ಮಾತಾಡ್ತಿದ್ದೆ. ಕಾಲು ತಾನೇ ಸಡಿಲ ಆಯ್ತು. ಬಟ್ಟೆ ಹರಿದುಹೋಗುತ್ತೆ ಅಂತ ಅದಕ್ಕೆ ಭಯ. ನನ್ನನ್ನ ಕೇಳಿ ಮಾಡಲ್ಲ ಅದು."

"ನಾನೇನು ಬಟ್ಟೆನಾ?"

"ಮಧ್ಯಾಹ್ನ ಅವನು ಬಾಯಿ ಬಿಡದೆ ಎದ್ದುಹೋದನಲ್ಲ, ಆಗ ಮುಖ ಹೆಂಗಿತ್ತು?"

ಕಿವಿ ಕೆಂಪಾಗಿತ್ತು. ಅದನ್ನು ಅಕ್ಕನಿಗೆ ಹೇಳಲಿಲ್ಲ. ಕೋಪದಡಿಯಿಂದ ಇನ್ನೇನೋ ಮೇಲೆ ಬರುತ್ತಿತ್ತು. ಅದು ಸಂತೋಷ ಎಂದು ಗೊತ್ತಾದಾಗ ಅವಳ ಕೋಪ ಇಮ್ಮಡಿಯಾಯಿತು. ಯಾರು ಕೇಳಿದ್ದರು ಇವನಿಂದ ಇದನ್ನು? ಜಗಳಕ್ಕೆ ಜಗಳ ಆಡಿಕೊಂಡು ನೆಮ್ಮದಿಯಾಗಿ ಇರಲಿಲ್ಲವೇ?

"ಏಳು ವಾಪಸ್ ತಗೋಬೇಕು ಅಕ್ಕ. ತಗೊಂಡ್ರೆ ಯಾಕೆ ಅಂತ ಹೇಳ್ಬೇಕು. ಹೇಳಿದ್ರೆ ಅವನು ಮೋಸಗಾರ ಆಗ್ತಾನೆ."

"ಮಧ್ಯಾಹ್ನ ಮೋಸಗಾರ ಅಂತ ನೀನೇ ಕಿರುಚಾಡಿದ್ದು."

"ನಾನು ಕಿರುಚಬಹುದು. ಬೇರೆಯವರು ಅನ್ನಬಾರದು."

ಅಕ್ಕ ದಾರ ಕಡಿದು, ತಂಗಿಯ ಮುಖವನ್ನೊಮ್ಮೆ ನೋಡಿ, ಅನ್ನ ಬಡಿಸಲು ಎದ್ದಳು.

* * *

ಮೀಟಿಂಗಿನ ಕೋಣೆಯಲ್ಲಿ ಎ.ಸಿ. ಜೋರಾಗಿತ್ತು. ಮೇಜಿನ ತಲೆಗೆ ಮೇಡಂ, ಒಂದು ಬದಿಗೆ ಚಿಕ್ಕಪ್ಪ, ಇನ್ನೊಂದು ಬದಿಗೆ ಮಾರಾಟ ವಿಭಾಗದವನು. ಹಾರೆ ಬಾಗಿಲ ಹತ್ತಿರದ ಕುರ್ಚಿಯಲ್ಲಿ, ಶೇವ್ ಮಾಡದ ಮುಖದಲ್ಲಿ ಕೂತಿದ್ದ. ಅವಳು ಒಳಗೆ ಬಂದಾಗ ಅವನು ಮೊಬೈಲು ನೋಡಲಿಲ್ಲ. ಅವಳು ಓದಲು ಅಲ್ಲಿ ನೋಟಿಸ್ ಬೋರ್ಡಿರಲಿಲ್ಲ. ಇಬ್ಬರ ಕಣ್ಣೂ ಒಂದು ಕ್ಷಣ ಸಿಕ್ಕಿಬಿದ್ದವು, ಬಿಡಿಸಿಕೊಂಡವು.

"ಏಳು ಬಂದಿದೆ. ಬೇರೆ ಮಾತಿಲ್ಲ ಅಲ್ವಾ?" ಎಂದರು ಮೇಡಂ.

"ಇದೆ," ಎಂದಳು ದಿಂಬು. "ಆ ಏಳನ್ನ ನಾನು ವಾಪಸ್ ತಗೋತೀನಿ. ಆ ಸ್ಪ್ರಿಂಗಿಗೆ ನಾಲ್ಕು."

ಮಾರಾಟದವನು ಪೆನ್ನು ಎಸೆದ. "ತಮಾಷೆ ಮಾಡ್ತಿದ್ದೀರಾ? ಮೊನ್ನೆ ಏಳು, ಇವತ್ತು ನಾಲ್ಕು. ನಿಮ್ಮ ಬೆನ್ನೇನು ಹವಾಮಾನ ವರದಿನಾ?"

"ಕಾರಣ ಹೇಳು," ಎಂದರು ಮೇಡಂ. ಅವರ ದನಿ ಏರಲಿಲ್ಲ, ಅದಕ್ಕೇ ಭಯವಾಯಿತು.

ಅವಳು ಹಿಂದಿನ ರಾತ್ರಿಯೆಲ್ಲ ಮಾತು ಜೋಡಿಸಿಕೊಂಡಿದ್ದಳು. ಕಾಲು, ದೀಪ, ಮರಳು ಚೀಲ, ಎಲ್ಲ ಒಂದರ ಹಿಂದೊಂದು ಸಾಲಾಗಿ ನಿಂತಿದ್ದವು. ಬಾಯಿ ತೆರೆದಾಗ ಬಂದದ್ದು ಬೇರೆ.

"ನನ್ನ ತಪ್ಪು. ಸರಿಯಾಗಿ ಗಮನ ಕೊಡಲಿಲ್ಲ."

"ನೀನು? ಗಮನ ಕೊಡಲಿಲ್ಲ?"

"ಹೌದು ಮೇಡಂ."

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅಂಕ ಕೊಟ್ಟು ವಾಪಸ್ ತಗೊಂಡ್ರೆ ನಾಳೆ ನಿನ್ನ ಮಾತನ್ನ ನಾನು ಹೇಗೆ ನಂಬ್ಲಿ? ಆ ಸೀಟಿಗೆ ಬೇರೆ ಯಾರನ್ನಾದ್ರೂ ನೋಡ್ಬೇಕಾಗುತ್ತೆ. ನಿನಗೆ ಗೊತ್ತಿದ್ದೇ ಹೇಳ್ತಿದ್ದೀಯಾ?"

"ಗೊತ್ತಿದೆ," ಎಂದಳು. ಆ ಸೀಟು ಹೋದರೆ ಅವಳ ಪಾಲಿಗೆ ಈ ಕಟ್ಟಡದಲ್ಲಿ ಏನೂ ಇರಲಿಲ್ಲ.

ಬಾಗಿಲ ಹತ್ತಿರ ಕುರ್ಚಿ ಕಿರ್ರೆಂದಿತು.

"ಅವರು ಸುಳ್ಳು ಹೇಳ್ತಿದ್ದಾರೆ," ಎಂದ ಹಾರೆ.

"ನೀವು ಬಾಯಿ ಮುಚ್ಚಿ," ಎಂದಳು ದಿಂಬು.

"ಮುಚ್ಚಲ್ಲ. ನಿನ್ನೆಯಿಂದ ಮುಚ್ಚಿದ್ದೇ ಜಾಸ್ತಿ ಆಯ್ತು." ಅವನು ಎದ್ದು ನಿಂತ. "ಮೇಡಂ, ಅವರ ಬೆನ್ನು ಸರಿಯಾಗೇ ಇದೆ. ಕೆಟ್ಟಿರೋದು ನನ್ನ ಕಾಲು. ಹಂಪ್ ಬಂದ್ರೆ ಎತ್ತಿಬಿಡ್ತೀನಿ. ನೀವು ನೋಡಿದ ಬ್ರೇಕ್ ಲೈಟು ಅದೇ. ಅವರು ನಲವತ್ತಕ್ಕೆ ಅಲ್ಲ, ಮೂವತ್ತಕ್ಕೆ ಏಳು ಕೊಟ್ಟಿದ್ದು. ಮೂವತ್ತಕ್ಕೆ ಅದು ಸರಿಯಾದ ಅಂಕ."

ಚಿಕ್ಕಪ್ಪ, "ಹಾಗಾದ್ರೆ ನನ್ನ ಗಾಳಿ ಸರಿಯಾಗಿತ್ತು," ಎಂದು ಗೊಣಗಿದರು.

ಮೇಡಂ ಕನ್ನಡಕ ಮತ್ತೆ ಹಾಕಿಕೊಂಡರು. "ನಿನ್ನಷ್ಟು ಸಮನಾಗಿ ಓಡಿಸೋರು ಇಲ್ಲ ಅಂತ ನಾನೇ ಎಲ್ಲರಿಗೂ ಹೇಳಿದ್ದೆ. ನಾನು ಕೂತಾಗ ಎತ್ತಿಲ್ಲ ನೀನು. ನನ್ನ ಸೊಂಟ ಇನ್ನೂ ನೋಯ್ತಿದೆ."

"ನಿಮಗೆ ಎತ್ತಲ್ಲ ಮೇಡಂ. ಮರಳು ಚೀಲಕ್ಕೂ ಎತ್ತಲ್ಲ."

"ಮತ್ತೆ?"

ಅವನು ದಿಂಬುವಿನ ಕಡೆ ನೋಡಲಿಲ್ಲ. ಎ.ಸಿ.ಯ ಕಡೆ ನೋಡಿ, ಸ್ಪ್ರಿಂಗಿನ ಲೆಕ್ಕ ಒಪ್ಪಿಸುವ ದನಿಯಲ್ಲಿ ಹೇಳಿದ.

"ಇವರಿಗೆ ಮಾತ್ರ. ಮೊದಲನೇ ಸ್ಪ್ರಿಂಗಿನ ದಿನ ಹೊಡೆತಕ್ಕೆ ಇವರು ಉಸಿರು ಒಳಗೆ ಎಳ್ಕೊಂಡ್ರು. ಕೂಗಲಿಲ್ಲ, ಬೈಯಲಿಲ್ಲ. ಬೈದಿದ್ರೆ ನನಗೆ ಏನೂ ಆಗ್ತಿರಲಿಲ್ಲ, ಅದು ಅಭ್ಯಾಸ ಇದೆ. ಆ ಸದ್ದು ಕೇಳಿದ ಮೇಲೆ ಕಾಲು ನನ್ನ ಮಾತು ಕೇಳ್ತಿಲ್ಲ. ನನಗೇ ಗೊತ್ತಿರಲಿಲ್ಲ ಮೇಡಂ, ನಿನ್ನೆ ಇವರು ತೋರಿಸೋವರೆಗೂ. ಕಣ್ಣು ಕಟ್ಕೊಂಡು ಕೂತಿರ್ತಾರಲ್ಲ, ಆಗ ಮಾತ್ರ ಕನ್ನಡಿಯಲ್ಲಿ ಇವರ ಮುಖ ನೋಡೋಕೆ ಧೈರ್ಯ. ಬಿಚ್ಚಿದ್ರೆ ಜಗಳ ಶುರುವಾಗುತ್ತೆ. ಇದನ್ನ ಏನಂತಾರೋ ನನಗೆ ಗೊತ್ತಿದೆ, ಮೀಟಿಂಗಲ್ಲಿ ಹೇಳೋ ಮಾತಲ್ಲ ಅದು. ಆ ಸ್ಪ್ರಿಂಗು ಗಟ್ಟಿ. ನನ್ನದೇ, ನಾನೇ ಹೇಳ್ತೀನಿ, ಗಟ್ಟಿ. ನನಗೆ ಬೇಕಾದವರನ್ನ ಅದರ ಮೇಲೆ ಕೂರಿಸೋಕೆ ನನ್ನ ಕಾಲೇ ಒಪ್ಪಲ್ಲ ಅಂದ ಮೇಲೆ, ಬೇರೆಯವರಿಗೆ ಹೇಗೆ ಮಾರ್ಲಿ?"

ದಿಂಬುವಿಗೆ ಎದ್ದು ಅವನ ಕೆನ್ನೆಗೆ ಬಾರಿಸಬೇಕೆನಿಸಿತು. ಅದಕ್ಕಿಂತ ಹೆಚ್ಚಾಗಿ, ಆ ಕೆನ್ನೆ ಮುಟ್ಟಿ ನೋಡಬೇಕೆನಿಸಿತು. ಅವಳು ಎರಡನ್ನೂ ಮಾಡದೆ ಮೇಜಿನಡಿ ಬೆರಳು ಹೆಣೆದು ಕೂತಳು. ಇವನನ್ನು ಪ್ರೀತಿಸುತ್ತಿದ್ದೇನೆ, ಗ್ರಹಚಾರ, ಎಂದುಕೊಂಡಳು.

"ಸರಿ," ಎಂದರು ಮೇಡಂ ಕೊನೆಗೆ. "ಸ್ಪ್ರಿಂಗ್ ಮೆತ್ತಗಾಗಲಿ. ಹಂಪಿನಲ್ಲಿ ತಳ ಉಜ್ಜದ ಹಾಗೆ, ಸ್ಪ್ರಿಂಗ್ ಪೂರ್ತಿ ಕುಗ್ಗೋದನ್ನ ತಡೆಯೋ ರಬ್ಬರು ಉದ್ದ ಮಾಡಿ. ನೀನು ಸೀಟು ಬಿಡೋದು ಬೇಡ." ಇದು ದಿಂಬುವಿಗೆ. ಆಮೇಲೆ ಹಾರೆಯ ಕಡೆ ತಿರುಗಿದರು. "ನೀನು ಸ್ಟೀರಿಂಗ್ ಬಿಡು. ಇನ್ನು ಮುಂದೆ ಇವಳು ಕೂತ ಕಾರು ನೀನು ಓಡಿಸೋ ಹಾಗಿಲ್ಲ. ಕಂಪನಿ ಕಾರು ಹೇಳ್ತಿದ್ದೀನಿ. ಸ್ವಂತ ಕಾರಿನ ವಿಚಾರ ನನಗೆ ಸಂಬಂಧ ಇಲ್ಲ."

ಚಿಕ್ಕಪ್ಪ ಕೆಮ್ಮಿನಲ್ಲಿ ನಗು ಮುಚ್ಚಲು ಹೋಗಿ ಎರಡನ್ನೂ ಒಟ್ಟಿಗೆ ಮಾಡಿದರು.

* * *

ಸಂಜೆ ಪಾರ್ಕಿಂಗಿನಲ್ಲಿ ಅವಳು ತನ್ನ ಕಾರಿಗೆ ಒರಗಿ ನಿಂತಿದ್ದಳು. ಕಂಪನಿಯದೇ ಹಳೇ ಮಾದರಿಯ ಪುಟ್ಟ ಎಲೆಕ್ಟ್ರಿಕ್ ಕಾರು, ಬಾಗಿಲಿಗೆ ಒಂದು ಗೀರು. ಅವನು ಬಸ್ ಸ್ಟಾಪಿನ ಕಡೆ ಹೊರಟವನು ಅವಳನ್ನು ಕಂಡು ನಿಂತ.

"ಇನ್ನೂ ಬೈಯೋದು ಬಾಕಿ ಇದೆಯಾ?"

"ಬೇಕಾದಷ್ಟಿದೆ. ಎಲ್ಲರೆದುರಿಗೆ ಹೇಳೋಕೆ ಯಾರು ಹೇಳಿದ್ರು ನಿಮಗೆ? ನಾನು ನಿಮ್ಮನ್ನ ಉಳಿಸ್ತಿದ್ದೆ."

"ನನ್ನನ್ನ ಉಳಿಸೋಕೆ ನಿಮಗೆ ಯಾರು ಹೇಳಿದ್ರು?"

"ಕನ್ನಡಿಯಲ್ಲಿ ಕದ್ದು ನೋಡ್ತಿದ್ರಂತೆ. ನಾಚಿಕೆ ಆಗಲ್ವಾ?"

"ಆಗುತ್ತೆ."

ಇಷ್ಟು ನೇರವಾಗಿ ಒಪ್ಪಿಕೊಂಡರೆ ಜಗಳ ಮುಂದುವರಿಸುವುದು ಹೇಗೆಂದು ಅವಳಿಗೆ ತಿಳಿಯಲಿಲ್ಲ. ಚೀಲದಿಂದ ಕಪ್ಪು ಪಟ್ಟಿ ತೆಗೆದು ಅವನ ಎದೆಗೆ ಎಸೆದಳು.

"ಹಿಂದೆ ಕೂತ್ಕೊಳ್ಳಿ. ಕಟ್ಕೊಳ್ಳಿ."

"ಇಲ್ಲಿಂದ ಮನೆವರೆಗೂ? ಕಂಡವರು ಪೊಲೀಸರಿಗೆ ಫೋನ್ ಮಾಡ್ತಾರೆ ಕಣ್ರೀ."

"ಮಾಡ್ಲಿ. ಕಣ್ಣು ಕಟ್ಕೊಂಡು ಇನ್ನೊಬ್ರ ಕಾಲಿನ ಮೇಲೆ ನಂಬಿಕೆ ಇಟ್ಟು ಕೂರೋದು ಹೇಗಿರುತ್ತೆ ಅಂತ ನಿಮಗೂ ಗೊತ್ತಾಗ್ಲಿ. ನಾನು ಕಾಲು ಎತ್ತಲ್ಲ. ಹಂಪ್ ಬಂದ್ರೆ ತಲೆ ಮೇಲೆ ಕೈ ಇಟ್ಕೊಳ್ಳಿ."

ಅವನು ಹತ್ತಿ ಕೂತ. ಮೊಣಕಾಲು ಎದೆಗೆ ತಾಗುತ್ತಿದ್ದವು. ಪಟ್ಟಿ ಕಟ್ಟಿಕೊಂಡ, ಕೂದಲು ಕೆದರಿ ಒಂದು ಕಿವಿ ಮಾತ್ರ ಹೊರಗುಳಿಯಿತು.

ಅವಳು ಬೆಲ್ಟು ಎಳೆದುಕೊಂಡಳು. ಗಂಟಲು ಸರಿಮಾಡಿಕೊಂಡಳು. "ರೆಡಿನಾ?"

ಆ ದನಿ ತನ್ನದೆಂದು ಅವಳಿಗೇ ನಂಬಿಕೆ ಬರಲಿಲ್ಲ.

ರಸ್ತೆ ಖಾಲಿಯಿತ್ತು. ಕನ್ನಡಿಯಲ್ಲಿ ಅವನು. ಇಷ್ಟು ದಿನ ಈ ಮುಖವನ್ನು ಅವಳು ಸಿಟ್ಟಿನಲ್ಲಿ ಮಾತ್ರ ನೋಡಿದ್ದಳು. ಬಿಗಿಯಿಲ್ಲದ ಬಾಯಿ, ಗಲ್ಲದ ಮೇಲೆ ಎರಡು ದಿನದ ಗಡ್ಡ, ಪಟ್ಟಿಯಡಿ ಕಾಣುವ ಮೂಗಿನ ತುದಿ. ಎಲ್ಲಿಗೆ ಹೋಗುತ್ತಿದ್ದೇವೆಂದು ಕೇಳದೆ, ಕೈಗಳನ್ನು ತೊಡೆಯ ಮೇಲಿಟ್ಟು, ಅವನು ಸುಮ್ಮನೆ ಕೂತಿದ್ದ. ಇದನ್ನೇ ತಾನೆ ಅವನು ದಿನವೂ ನೋಡುತ್ತಿದ್ದದ್ದು ಎಂದುಕೊಂಡಾಗ ಅವಳ ಎದೆಯೊಳಗೆ ಏನೋ ಸಡಿಲವಾಯಿತು.

ಪೀಠೋಪಕರಣದ ಅಂಗಡಿಯ ಮುಂದೆ ದೊಡ್ಡ ಹಂಪ್ ಇದೆ. ದಿನವೂ ದಾಟುವ ಹಂಪ್. ನಲವತ್ತರಲ್ಲಿ ಬರುತ್ತಿದ್ದಳು. ಎತ್ತುವುದಿಲ್ಲ, ಎತ್ತುವುದಿಲ್ಲ ಎಂದುಕೊಂಡು ಹಲ್ಲು ಕಚ್ಚಿದಳು.

ಕಾರಿನ ಮೂತಿ ಒಂದಿಷ್ಟೇ ಇಳಿಯಿತು. ಮುಸ್ಸಂಜೆಯಲ್ಲಿ ಹಿಂದಿನ ದೀಪದ ಬೆಳಕಿಗೆ ಅಂಗಡಿಯ ಗಾಜು ಉದ್ದಕ್ಕೂ ಕೆಂಪಾಯಿತು. ಕಾರು ಮೆತ್ತಗೆ ಹತ್ತಿ, ಮೆತ್ತಗೆ ಇಳಿಯಿತು.

ಹಿಂದಿನ ಸೀಟಿನಲ್ಲಿ ಕಣ್ಣು ಕಟ್ಟಿದವನು ತುಂಬ ಮರ್ಯಾದೆಯಿಂದ ಹೇಳಿದ: "ಕಾರು ನಮಸ್ಕಾರ ಮಾಡ್ತು."

"ಬಾಯಿ ಮುಚ್ಕೊಂಡು ಕೂತ್ಕೋ," ಎಂದಳು ಅವಳು. ಕಣ್ಣು ಮಂಜಾಗಿ ಮುಂದಿನ ರಸ್ತೆ ಕಾಣದೆ, ಕಾಲನ್ನು ಇನ್ನಷ್ಟು ಸಡಿಲಿಸಿದಳು.